ಹವ್ಯಾಸಿಗಳ ಬೀಗಗಳು: ಮೇಜಿನ ಕಂಪ್ಯೂಟರಿನಲ್ಲಿ ಕಡತ ಕಾಯ್ದ ಸಣ್ಣ ತಂತ್ರಾಂಶಗಳ ಚರಿತ್ರೆ

1981ರ ಆಗಸ್ಟಿನಲ್ಲಿ ಐಬಿಎಂ ಕಂಪನಿ ಮಾರುಕಟ್ಟೆಗೆ ತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಕಡತಗಳಿಗೆ ಒಡೆಯನೆಂಬವನು ಇರಲಿಲ್ಲ. ಅದನ್ನು ನಡೆಸುತ್ತಿದ್ದ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ, ಅಂದರೆ ಡಿಸ್ಕು, ಪರದೆ, ಕೀಲಿಮಣೆಗಳ ವ್ಯವಹಾರವನ್ನು ನೋಡಿಕೊಳ್ಳುವ ಮೂಲ ತಂತ್ರಾಂಶ, ಸ್ವಿಚ್ ಒತ್ತಿದವರು ಯಾರೆಂದು ವಿಚಾರಿಸುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತವರಿಗೆ ಡಿಸ್ಕಿನಲ್ಲಿದ್ದ ಪ್ರತಿಯೊಂದು ಕಡತವನ್ನೂ ಓದುವ, ತಿದ್ದುವ, ಅಳಿಸುವ ಅಧಿಕಾರ ತಾನಾಗಿಯೇ ಸಿಗುತ್ತಿತ್ತು. ಇದಕ್ಕೆ ಸುಮಾರು ಒಂದು ದಶಕ ಮೊದಲೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿದ್ದ ಯುನಿಕ್ಸ್ ವ್ಯವಸ್ಥೆಯಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್, ಕಡತಗಳ ಮೇಲೆ ಯಾರಿಗೆ ಯಾವ ಹಕ್ಕು ಎಂಬ ಕಟ್ಟುಪಾಡು ಎಲ್ಲವೂ ಇದ್ದವು. ಆದರೆ ಒಬ್ಬರೇ ಬಳಸುವ ಯಂತ್ರಕ್ಕೆ ಅಂಥ ಏರ್ಪಾಡು ಬೇಕಿಲ್ಲವೆಂದು ಅದರ ನಿರ್ಮಾಪಕರು ಭಾವಿಸಿದರು. ಹೆಸರಿನಲ್ಲಿ ವೈಯಕ್ತಿಕವಾದ ಆ ಯಂತ್ರ ವಾಸ್ತವದಲ್ಲಿ ಕಚೇರಿಯಲ್ಲಿ ನಾಲ್ಕು ಮಂದಿಗೆ, ಮನೆಯಲ್ಲಿ ಇಡೀ ಸಂಸಾರಕ್ಕೆ ಸೇರಿದ್ದಾಗುತ್ತದೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಈ ತೆರವನ್ನು ತುಂಬಲು ಮೊದಲು ಮುಂದಾದವರು ದೊಡ್ಡ ಕಂಪನಿಗಳಲ್ಲ. ಹಗಲು ಬೇರೆ ಕೆಲಸ ಮಾಡಿ ರಾತ್ರಿ ಮನೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಹವ್ಯಾಸಿ ಪ್ರೋಗ್ರಾಮರುಗಳು. ಮುಂದಿನ ಮೂರು ದಶಕಗಳಲ್ಲಿ ಅವರು ಸ್ವಂತವಾಗಿ ಕಲ್ಪಿಸಿದ ಗೂಢಲಿಪಿಗಳಲ್ಲಿ ಬಹುತೇಕ ಎಲ್ಲವೂ ಮುರಿದುಬಿದ್ದವು. ಪರೀಕ್ಷೆಗೆ ಒಳಗಾದ ಪರರ ಗೂಢಲಿಪಿಗಳನ್ನು ತಂದು, ಅವುಗಳ ಸುತ್ತ ಅವರು ಕಟ್ಟಿದ ಉಪಕರಣಗಳು ಮಾತ್ರ ಉಳಿದುಕೊಂಡವು.

ಆರಂಭದ ಉಪಕರಣಗಳು ಬಚ್ಚಿಡುವ ಕೆಲಸಕ್ಕೆ ಮೀಸಲಾಗಿದ್ದವು. ಡಾಸ್ ತನ್ನ ಡಿಸ್ಕಿನಲ್ಲಿ ಪ್ರತಿ ಕಡತಕ್ಕೂ 32 ಬೈಟುಗಳ ಒಂದು ದಾಖಲೆಯನ್ನು ಇಡುತ್ತಿತ್ತು. ಕಡತದ ಹೆಸರು, ಅಳತೆ, ದಿನಾಂಕಗಳ ಜೊತೆಗೆ ಅದರಲ್ಲಿ ಕಡತದ ಗುಣಸೂಚಕವೆಂಬ ಒಂದು ಬೈಟು ಇತ್ತು, ಆ ಬೈಟಿನ ಒಂದು ಬಿಟ್ಟನ್ನು ಎತ್ತಿಟ್ಟರೆ ಕಡತ ಪಟ್ಟಿಯಿಂದ ಮರೆಯಾಗುತ್ತಿತ್ತು. ಈ ಸೌಲಭ್ಯ ವ್ಯವಸ್ಥೆಯೊಳಗೆ ಮೊದಲಿನಿಂದಲೇ ಇದ್ದರೂ ಸಾಮಾನ್ಯ ಬಳಕೆದಾರ ಅದನ್ನು ಮುಟ್ಟುವಂಥ ಆದೇಶ ಬಹುಕಾಲ ಡಾಸ್‌ನಲ್ಲಿ ಇರಲಿಲ್ಲವಾದ್ದರಿಂದ, ಹವ್ಯಾಸಿಗಳು ಡಾಸ್‌ನ ಜೊತೆಗೇ ಬರುತ್ತಿದ್ದ ಡೀಬಗ್ ಎಂಬ ಉಪಕರಣದಲ್ಲಿ ಯಂತ್ರಭಾಷೆಯ ಹತ್ತಿಪ್ಪತ್ತು ಸೂಚನೆಗಳನ್ನು ಬರೆದು, ನೂರು ಬೈಟೂ ತೂಗದ ಪ್ರೋಗ್ರಾಂಗಳನ್ನು ಮಾಡಿಕೊಂಡರು. ಇದಕ್ಕಿಂತ ಸುಲಭವಾದ ಉಪಾಯವೂ ಒಂದಿತ್ತು: ಆಲ್ಟ್ ಗುಂಡಿಯನ್ನು ಒತ್ತಿ ಹಿಡಿದು 255 ಎಂದು ಅಂಕಿ ಒತ್ತಿದರೆ ತೆರೆಯ ಮೇಲೆ ಖಾಲಿ ಜಾಗದಂತೆ ಕಾಣುವ, ಆದರೆ ಖಾಲಿ ಜಾಗವಲ್ಲದ ಒಂದು ಅಕ್ಷರ ಮೂಡುತ್ತಿತ್ತು, ಡೈರೆಕ್ಟರಿಯ ಹೆಸರಿನ ಕೊನೆಗೆ ಅದನ್ನು ಸೇರಿಸಿದವರಿಗೆ ಮಾತ್ರ ಆ ಡೈರೆಕ್ಟರಿಯೊಳಗೆ ಹೋಗುವ ದಾರಿ ತಿಳಿದಿರುತ್ತಿತ್ತು. ಇಂಥ ಮರೆಗಳೆಲ್ಲ ಪಕ್ಕದ ಮೇಜಿನವನ ಅಜ್ಞಾನವನ್ನು ನಂಬಿಕೊಂಡಿದ್ದವು, ಆ ಅಜ್ಞಾನ ಹೆಚ್ಚು ದಿನ ಬಾಳುವಂಥದ್ದಾಗಿರಲಿಲ್ಲ.

ಅಳಿಸುವ ವಿಷಯದಲ್ಲಿಯೂ ವ್ಯವಸ್ಥೆ ಬಳಕೆದಾರನಿಗೆ ಪೂರ್ತಿ ಸತ್ಯವನ್ನು ಹೇಳುತ್ತಿರಲಿಲ್ಲ. ಕಡತವನ್ನು ಅಳಿಸು ಎಂದಾಗ ಡಾಸ್ ಆ ಕಡತದ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಹದಿನಾರರ ಎಣಿಕೆಯಲ್ಲಿ ಇ-5 ಎಂದು ಬರೆಯಲಾಗುವ ಬೈಟನ್ನು ಇಟ್ಟು, ಅದು ಆಕ್ರಮಿಸಿದ್ದ ತುಂಡುಗಳು ಖಾಲಿ ಎಂದು ಗುರುತು ಹಾಕಿಕೊಂಡು ಸುಮ್ಮನಾಗುತ್ತಿತ್ತು. ಪುಸ್ತಕದ ಪರಿವಿಡಿಯಲ್ಲಿ ಒಂದು ಸಾಲನ್ನು ಹೊಡೆದು ಹಾಕಿ ಅಧ್ಯಾಯವನ್ನು ಹಾಗೆಯೇ ಬಿಟ್ಟಂತೆ, ಕಡತದ ಒಡಲು ಡಿಸ್ಕಿನ ಮೇಲೆ ಉಳಿಯುತ್ತಿತ್ತು. ಇ-5ನ್ನೇ ಆರಿಸಿಕೊಂಡದ್ದು ಡಾಸ್‌ಗಿಂತ ಹಿಂದಿನ ಸಿಪಿ/ಎಂ ವ್ಯವಸ್ಥೆಯಿಂದ ಬಂದ ಬಳುವಳಿ, ಎಂಟು ಇಂಚಿನ ಹೊಸ ಫ್ಲಾಪಿಗಳು ಇದೇ ಬೈಟಿನಿಂದ ತುಂಬಿ ಬರುತ್ತಿದ್ದುದೇ ಅದರ ಮೂಲ. 1982ರಲ್ಲಿ ಪೀಟರ್ ನಾರ್ಟನ್ ಎಂಬ ಅಮೆರಿಕನ್ ಪ್ರೋಗ್ರಾಮರ್ ಈ ಗುಟ್ಟನ್ನು ಬಳಸಿ, ಅಳಿಸಿದ ಕಡತವನ್ನು ಮರಳಿ ತರುವ ಸಣ್ಣ ಪ್ರೋಗ್ರಾಂ ಬರೆದ. ಅದನ್ನು ಒಳಗೊಂಡ ನಾರ್ಟನ್ ಯುಟಿಲಿಟೀಸ್ ಎಂಬ ಕಟ್ಟು ಜಗತ್ಪ್ರಸಿದ್ಧವಾಗಿ, ಕೈತಪ್ಪಿನಿಂದ ಕಡತ ಕಳೆದುಕೊಂಡ ಲಕ್ಷಾಂತರ ಜನರಿಗೆ ವರವಾಯಿತು. ಅದೇ ಹೊತ್ತಿಗೆ, ಅಳಿಸಿದೆನೆಂದು ನಿಶ್ಚಿಂತರಾಗಿದ್ದವರ ಕಡತಗಳೂ ಯಾರ ಕೈಗೆ ಬೇಕಾದರೂ ಸಿಗಬಹುದೆಂಬ ಅರಿವನ್ನು ಅದು ಹರಡಿತು. ಕಡತವನ್ನು ನಿಜವಾಗಿ ಒರೆಸಿಹಾಕುವ, ಅಂದರೆ ಅದರ ಜಾಗದ ಮೇಲೆಲ್ಲ ಬೇರೆ ಬೈಟುಗಳನ್ನು ತುಂಬಿ ಆಮೇಲೆ ಅಳಿಸುವ ಪ್ರೋಗ್ರಾಂಗಳ ಪರಂಪರೆ ಈ ಅರಿವಿನಿಂದಲೇ ಹುಟ್ಟಿತು.

ಹವ್ಯಾಸಿಗಳ ಈ ಚಟುವಟಿಕೆಗೆ ಅಗ್ಗದ ಸಲಕರಣೆ ಮತ್ತು ಅಗ್ಗದ ಸಾಗಣೆ ಎರಡೂ ಒದಗಿದ ಕಾಲ ಅದು. 1983ರಲ್ಲಿ ಬೋರ್ಲೆಂಡ್ ಕಂಪನಿ 49.95 ಡಾಲರಿಗೆ ಮಾರಿದ ಟರ್ಬೊ ಪ್ಯಾಸ್ಕಲ್, ಬರೆಯುವ ಸಂಪಾದಕವನ್ನೂ ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರನ್ನೂ ಒಂದೇ ಸಣ್ಣ ಪ್ರೋಗ್ರಾಂನಲ್ಲಿ ಅಡಕಗೊಳಿಸಿತು. ನೂರಾರು ಡಾಲರಿನ ಕಂಪೈಲರುಗಳನ್ನು ಕೊಳ್ಳಲಾಗದ ವಿದ್ಯಾರ್ಥಿಗಳೂ ಗುಮಾಸ್ತರೂ ಅದರಿಂದ ಪ್ರೋಗ್ರಾಮರುಗಳಾದರು. ಅದರ ಕಂಪೈಲರನ್ನು ರಚಿಸಿದ ಡೆನ್ಮಾರ್ಕಿನ ಆಂಡರ್ಸ್ ಹೆಲ್ಸ್‌ಬರ್ಗ್ ಮುಂದೆ ಡೆಲ್ಫಿ ಎಂಬ ಪ್ರೋಗ್ರಾಂ ಬರೆಯುವ ಸಲಕರಣೆಯ ಮುಖ್ಯ ಶಿಲ್ಪಿಯಾಗಿ, ಬಳಿಕ ಮೈಕ್ರೊಸಾಫ್ಟ್‌ನಲ್ಲಿ ಸಿ ಶಾರ್ಪ್ ಭಾಷೆಯನ್ನು ರೂಪಿಸಿದನಾದ್ದರಿಂದ, ಹವ್ಯಾಸಿಗಳ ಮೂರು ತಲೆಮಾರು ಹೆಚ್ಚುಕಡಿಮೆ ಒಬ್ಬನೇ ಮಾಡಿಕೊಟ್ಟ ಉಳಿ-ಸುತ್ತಿಗೆಗಳಿಂದ ಕೆಲಸ ಮಾಡಿತು ಎನ್ನಬಹುದು. ಸಾಗಣೆಯ ಕಡೆಗೆ ನೋಡಿದರೆ, 1978ರಲ್ಲಿ ಷಿಕಾಗೊದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಆರಂಭಿಸಿದ ಬುಲೆಟಿನ್ ಬೋರ್ಡ್ ಪದ್ಧತಿ, ದೂರವಾಣಿ ತಂತಿಯ ಮೂಲಕ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರು ಪ್ರೋಗ್ರಾಂ ಇಳಿಸಿಕೊಳ್ಳುವುದನ್ನು ಸಾಧ್ಯವಾಗಿಸಿತ್ತು. 1982ರಲ್ಲಿ ಆಂಡ್ರೂ ಫ್ಲೂಗಲ್‌ಮನ್ ಮತ್ತು ಜಿಮ್ ನಾಫ್ ಒಬ್ಬರಿಗೊಬ್ಬರು ತಿಳಿಯದೆಯೇ ಆರಂಭಿಸಿದ ಮಾರಾಟ ಕ್ರಮ, ಬಳಸಿ ನೋಡಿ ಮೆಚ್ಚಿದರೆ ಹಣ ಕಳಿಸಿ ಎನ್ನುವ ಶೇರ್‌ವೇರ್ ಪದ್ಧತಿಗೆ ಬುನಾದಿ ಹಾಕಿತು. ಕನ್ನಡ ಓದುಗರಿಗೆ ಈ ಬಗೆಯ ಒಂಟಿ ದುಡಿಮೆಯ ಪರಿಚಯ 1998ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ ಬರಹ ತಂತ್ರಾಂಶದ ಮೂಲಕ ಇದೆ. ಉದ್ದೇಶ ಬೇರೆಯಾದರೂ, ಒಬ್ಬರೇ ಬರೆದು, ಉಚಿತವಾಗಿ ಹಂಚಿ, ಬಳಸಿದವರ ಮೆಚ್ಚುಗೆಯಿಂದ ಬೆಳೆದ ಅದರ ರೀತಿ ಇದೇ ಪರಂಪರೆಗೆ ಸೇರಿದ್ದು.

ಬಚ್ಚಿಡುವುದರಿಂದ ಗೂಢಲಿಪೀಕರಣದ ಕಡೆಗೆ, ಅಂದರೆ ಒಂದು ಕೀಲಿಯ ಸಹಾಯದಿಂದ ಕಡತದ ಬೈಟುಗಳನ್ನೇ ಅರ್ಥವಾಗದಂತೆ ಮಾರ್ಪಡಿಸುವ ವಿದ್ಯೆಯ ಕಡೆಗೆ, ಹವ್ಯಾಸಿಗಳು ತಿರುಗಿದಾಗ ಬಹುತೇಕ ಎಲ್ಲರಿಗೂ ಮೊದಲು ಕೈಗೆ ಸಿಕ್ಕದ್ದು ಎಕ್ಸಾರ್ ಎಂಬ ಕ್ರಿಯೆ. ಎರಡು ಬಿಟ್ಟುಗಳು ಒಂದೇ ಆಗಿದ್ದರೆ ಸೊನ್ನೆ, ಬೇರೆಯಾಗಿದ್ದರೆ ಒಂದು ಎಂದು ಫಲ ಕೊಡುವ ಈ ಕ್ರಿಯೆಯ ಸೊಗಸೆಂದರೆ, ಅದನ್ನು ಅದೇ ಕೀಲಿಯಿಂದ ಎರಡನೆಯ ಸಲ ನಡೆಸಿದರೆ ಮೂಲ ಪಠ್ಯ ಮರಳಿ ಬರುತ್ತದೆ. ಹೀಗಾಗಿ ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಪ್ರೋಗ್ರಾಂ ಸಾಕು, ಅದೂ ಐದಾರು ಸಾಲಿನದು. ಪಾಸ್‌ವರ್ಡಿನ ಅಕ್ಷರಗಳನ್ನು ಕಡತದ ಉದ್ದಕ್ಕೂ ಮತ್ತೆ ಮತ್ತೆ ಸಾಲಾಗಿ ಜೋಡಿಸಿ ಎಕ್ಸಾರ್ ಮಾಡಿದರೆ ತೆರೆಯ ಮೇಲೆ ಮೂಡುವ ಚಿತ್ರವಿಚಿತ್ರ ಚಿಹ್ನೆಗಳು ಬರೆದವನಿಗೆ ಅಪಾರ ಧೈರ್ಯ ಕೊಡುತ್ತಿದ್ದವು. ಆದರೆ ಪ್ರೋಗ್ರಾಂಗಳ ಮತ್ತು ಅಕ್ಷರಸಂಸ್ಕಾರಕದ ಕಡತಗಳಲ್ಲಿ ಸೊನ್ನೆಗಳು ಸಾಲುಸಾಲಾಗಿ ಬರುವುದು ಸಾಮಾನ್ಯ. ಸೊನ್ನೆಯ ಜೊತೆ ಎಕ್ಸಾರ್ ಆದ ಕೀಲಿ ಹೇಗಿತ್ತೋ ಹಾಗೇ ಉಳಿಯುವುದರಿಂದ, ಅಂಥ ಕಡತವನ್ನು ತೆರೆದು ನೋಡಿದವರಿಗೆ ಪಾಸ್‌ವರ್ಡೇ ಎದುರಿಗೆ ಮತ್ತೆ ಮತ್ತೆ ಬರೆದು ಇಟ್ಟಂತೆ ಕಾಣುತ್ತಿತ್ತು. ಸೊನ್ನೆಗಳಿಲ್ಲದ ಸಾದಾ ಪಠ್ಯದಲ್ಲಿಯೂ, ಮರುಕಳಿಸುವ ಕೀಲಿಯ ಗೂಢಲಿಪಿಯನ್ನು ಒಡೆಯುವ ಕ್ರಮವನ್ನು ಪ್ರಷ್ಯಾದ ಸೇನಾಧಿಕಾರಿ ಫ್ರೀಡ್ರಿಚ್ ಕಸಿಸ್ಕಿ 1863ರಷ್ಟು ಹಿಂದೆಯೇ ಪ್ರಕಟಿಸಿದ್ದ.

ಈ ಮಾತು ಹವ್ಯಾಸಿಗಳಿಗಷ್ಟೇ ಅನ್ವಯಿಸುತ್ತಿರಲಿಲ್ಲ. ಆ ಕಾಲದ ಅತಿ ಜನಪ್ರಿಯ ಅಕ್ಷರಸಂಸ್ಕಾರಕವಾಗಿದ್ದ ವರ್ಡ್‌ಪರ್ಫೆಕ್ಟ್‌ನ ಪಾಸ್‌ವರ್ಡ್ ರಕ್ಷಣೆ ಇದೇ ಜಾತಿಯದ್ದೆಂದು 1987ರಲ್ಲಿ ಕ್ರಿಪ್ಟೊಲೊಜಿಯ ಪತ್ರಿಕೆಯ ಲೇಖನವೊಂದು ಬಿಡಿಸಿ ತೋರಿಸಿತು. ಮರೆತ ಪಾಸ್‌ವರ್ಡುಗಳನ್ನು ಹುಡುಕಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಗಳೂ ಹುಟ್ಟಿಕೊಂಡವು. 1989ರಲ್ಲಿ ಫಿಲ್ ಕ್ಯಾಟ್ಜ್ ಹೊರತಂದ ಪಿಕೆಜಿಪ್, ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಶೇರ್‌ವೇರ್, ಪಾಸ್‌ವರ್ಡ್ ಸೌಲಭ್ಯವನ್ನೂ ಕೊಟ್ಟಿತು. ಗಣಿತಜ್ಞ ರೋಜರ್ ಶ್ಲಾಫ್ಲಿ ರೂಪಿಸಿದ ಅದರ ಗೂಢಲಿಪಿ ಎಕ್ಸಾರ್ ಆಟಗಳಿಗಿಂತ ಎಷ್ಟೋ ಪಾಲು ಬಿಗಿಯಾಗಿತ್ತಾದರೂ, ಕಟ್ಟಿನೊಳಗಿನ ಹನ್ನೆರಡು-ಹದಿಮೂರು ಬೈಟುಗಳಷ್ಟು ಮೂಲ ಪಠ್ಯ ಮೊದಲೇ ಗೊತ್ತಿದ್ದರೆ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದೆಂದು ಎಲಿ ಬಿಹಾಮ್ ಮತ್ತು ಪಾಲ್ ಕೋಚರ್ 1994ರಲ್ಲಿ ಸಾಧಿಸಿದರು. ಹೆಸರಾಂತ ತಂತ್ರಾಂಶಗಳ ಗತಿಯೇ ಹೀಗಿದ್ದಾಗ ಬುಲೆಟಿನ್ ಬೋರ್ಡುಗಳಲ್ಲಿ ಹರಿದಾಡುತ್ತಿದ್ದ, ‘ಯಾರಿಂದಲೂ ಒಡೆಯಲಾಗದ್ದು’ ಎಂದು ತಮ್ಮನ್ನು ತಾವೇ ಹೊಗಳಿಕೊಂಡ ನೂರಾರು ಪ್ರೋಗ್ರಾಂಗಳ ವಿಚಾರ ಹೇಳಬೇಕಾದದ್ದಿಲ್ಲ.

ಸ್ವಂತ ಗೂಢಲಿಪಿಯ ಮೋಹ ಎಷ್ಟು ಸಹಜವಾದದ್ದೆಂಬುದಕ್ಕೆ ಈ ಚರಿತ್ರೆಯ ಅತಿ ಪ್ರಸಿದ್ಧ ಹವ್ಯಾಸಿಯೇ ಸಾಕ್ಷಿ. ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ಊರಿನ ಫಿಲಿಪ್ ಜಿಮ್ಮರ್‌ಮನ್, ಕಾಲೇಜಿನ ದಿನಗಳಲ್ಲಿ ತಾನು ಕಂಡುಹಿಡಿದೆನೆಂದು ಹಿಗ್ಗಿದ್ದ ಗೂಢಲಿಪಿ ಮುಂದೊಮ್ಮೆ ಪಠ್ಯಪುಸ್ತಕಗಳಲ್ಲಿ ವಿದ್ಯಾರ್ಥಿಗಳು ಒಡೆಯಬೇಕಾದ ಸುಲಭ ಅಭ್ಯಾಸವಾಗಿ ಕಾಣಿಸಿಕೊಂಡಿತೆಂದು ತನ್ನ ತಂತ್ರಾಂಶದ ಕೈಪಿಡಿಯಲ್ಲಿಯೇ ಬರೆದುಕೊಂಡಿದ್ದಾನೆ. ಅಷ್ಟಾದರೂ 1991ರ ಜೂನ್‌ನಲ್ಲಿ ಅವನು ಹೊರತಂದ ಪಿಜಿಪಿ ಎಂಬ ಗೂಢಲಿಪೀಕರಣ ತಂತ್ರಾಂಶದ ಮೊದಲ ಆವೃತ್ತಿಯಲ್ಲಿ ಬ್ಯಾಸ್-ಒ-ಮ್ಯಾಟಿಕ್ ಎಂಬ ತಮಾಷೆಯ ಹೆಸರಿನ ಸ್ವಂತ ಗೂಢಲಿಪಿಯೇ ಇತ್ತು. ಅದೇ ವರ್ಷ ಗೂಢಲಿಪಿಶಾಸ್ತ್ರದ ಸಮ್ಮೇಳನವೊಂದರಲ್ಲಿ ಬಿಹಾಮ್ ಅದರ ದೌರ್ಬಲ್ಯಗಳನ್ನು ತೋರಿಸಿಕೊಟ್ಟಾಗ ಜಿಮ್ಮರ್‌ಮನ್ ಹಟ ಹಿಡಿಯದೆ ಅದನ್ನು ಕೈಬಿಟ್ಟು, 1992ರ ಎರಡನೆಯ ಆವೃತ್ತಿಯಲ್ಲಿ ಜೂರಿಕ್‌ನ ಶುಜಿಯಾ ಲೈ ಮತ್ತು ಜೇಮ್ಸ್ ಮ್ಯಾಸಿ ಪ್ರಕಟಿಸಿದ್ದ ಐಡಿಯಾ ಗೂಢಲಿಪಿಯನ್ನು ಅಳವಡಿಸಿಕೊಂಡ. ಈ ಬದಲಾವಣೆಯನ್ನು ಹವ್ಯಾಸಿ ಕಾಲದ ನಡುವಿನ ತಿರುವೆಂದು ಎಣಿಸುವುದು ನ್ಯಾಯ. ಗುಟ್ಟಾಗಿಟ್ಟ ಉಪಾಯಕ್ಕಿಂತ, ಬಲ್ಲವರೆಲ್ಲ ಒಡೆಯಲು ಯತ್ನಿಸಿ ಸೋತ ಬಹಿರಂಗ ಉಪಾಯವೇ ನಂಬಿಕೆಗೆ ಅರ್ಹವೆಂಬ, ವಿದ್ವಾಂಸರ ವಲಯದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಬಳಕೆಯಲ್ಲಿದ್ದ ತತ್ತ್ವ, ಮನೆಯ ಮೇಜಿಗೆ ಬಂದದ್ದು ಆ ಹೊತ್ತಿನಲ್ಲಿ.

ಆದರೆ ಅಮೆರಿಕದ ಸರ್ಕಾರದ ಕಣ್ಣಿನಲ್ಲಿ ಬಲವಾದ ಗೂಢಲಿಪಿ ಯುದ್ಧಸಾಮಗ್ರಿಯ ಪಟ್ಟಿಗೆ ಸೇರಿದ ವಸ್ತುವಾಗಿತ್ತು. ಪಿಜಿಪಿ ದೇಶದ ಗಡಿ ದಾಟಿದ ಕಾರಣಕ್ಕೆ 1993ರಲ್ಲಿ ಆರಂಭವಾದ ಸುಂಕ ಇಲಾಖೆಯ ತನಿಖೆ ಯಾವ ಮೊಕದ್ದಮೆಯನ್ನೂ ಹೂಡದೆ 1996ರ ಜನವರಿಯಲ್ಲಿ ಮುಕ್ತಾಯವಾಯಿತು. ಈ ನಿಯಮದ ವಿಪರೀತವನ್ನು ಬಯಲಿಗೆಳೆದವರೂ ಇದೇ ಮನೋಧರ್ಮದ ಎಂಜಿನಿಯರುಗಳೇ. ಬ್ರೂಸ್ ಶ್ನಾಯರ್ ಬರೆದ ಅಪ್ಲೈಡ್ ಕ್ರಿಪ್ಟೋಗ್ರಫಿ ಎಂಬ ಗ್ರಂಥದ ಕೊನೆಯಲ್ಲಿ ಹಲವು ಗೂಢಲಿಪಿಗಳ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಬಹುದಾದ ಮೂಲ ಬರಹ, ಅಚ್ಚಾಗಿತ್ತು. 1994ರಲ್ಲಿ ಫಿಲ್ ಕಾರ್ನ್ ಎಂಬಾತ ಆ ಗ್ರಂಥವನ್ನು ರಫ್ತು ಮಾಡಬಹುದೇ ಎಂದು ವಿಚಾರಿಸಿದಾಗ ಆಗಬಹುದೆಂದ ವಿದೇಶಾಂಗ ಇಲಾಖೆ, ಅದೇ ಸಾಲುಗಳನ್ನು ತುಂಬಿದ ಫ್ಲಾಪಿಯ ರಫ್ತಿಗೆ ಮಾತ್ರ ಅನುಮತಿ ನಿರಾಕರಿಸಿತು. ಕಾಗದಕ್ಕಿದ್ದ ಈ ಸ್ವಾತಂತ್ರ್ಯವನ್ನೇ ಹಿಡಿದು ಎಂಐಟಿ ಮುದ್ರಣಾಲಯ 1995ರಲ್ಲಿ ಪಿಜಿಪಿಯ ಇಡೀ ಸೋರ್ಸ್ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿತು. ಮುಂದೆ 1997ರಲ್ಲಿ ಐದನೆಯ ಆವೃತ್ತಿಯ ಸಾವಿರಾರು ಪುಟಗಳನ್ನು ಯೂರೋಪಿಗೆ ಸಾಗಿಸಿ, ಸ್ವಯಂಸೇವಕರು ಪುಟಪುಟವನ್ನೂ ಸ್ಕ್ಯಾನ್ ಮಾಡಿ, ಅಕ್ಷರದೋಷಗಳನ್ನು ಹಿಡಿಯಲು ಸಾಲುಗಳ ಜೊತೆಗೇ ಅಚ್ಚಾಗಿದ್ದ ತಾಳೆಸಂಖ್ಯೆಗಳ ನೆರವಿನಿಂದ ತಿದ್ದಿ, ಪ್ರೋಗ್ರಾಂನ್ನು ಮತ್ತೆ ಕಟ್ಟಿದರು. 2000ದ ಆರಂಭದಲ್ಲಿ ಈ ರಫ್ತು ನಿರ್ಬಂಧಗಳು ಬಹುಮಟ್ಟಿಗೆ ಸಡಿಲಗೊಂಡವು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಪಿಜಿಪಿ ಬಳಸಿಕೊಂಡಿದ್ದ ಆರ್‌ಎಸ್‌ಎ ಗೂಢಲಿಪಿಯ ಮೇಲಿದ್ದ ಅಮೆರಿಕದ ಪೇಟೆಂಟಿನ ಅವಧಿಯೂ ತೀರಿತು.

ಒಂದೊಂದೇ ಕಡತವನ್ನು ಮುಚ್ಚಿ ತೆರೆಯುವ ಕ್ರಮದಲ್ಲಿ ಇನ್ನೊಂದು ತೊಡಕು ಹವ್ಯಾಸಿಗಳ ಅನುಭವಕ್ಕೆ ಬಂದಿತ್ತು. ಕಡತವನ್ನು ಓದಲು ತೆರೆದೊಡನೆ ಅದರ ಬಿಡಿಸಿದ ಪ್ರತಿ ಡಿಸ್ಕಿನ ಮೇಲೆ ಬೀಳುತ್ತದೆ. ಅಕ್ಷರಸಂಸ್ಕಾರಕ ತನ್ನ ಅನುಕೂಲಕ್ಕೆ ತಾತ್ಕಾಲಿಕ ಪ್ರತಿಗಳನ್ನು ಮಾಡುತ್ತದೆ. ಸ್ಮರಣೆ ಸಾಲದಾದಾಗ ವಿಂಡೋಸ್ ಅದರ ತುಣುಕುಗಳನ್ನು ತನ್ನ ಸ್ವಾಪ್ ಕಡತದಲ್ಲಿ ಇಡುತ್ತದೆ. ಕೆಲಸ ಮುಗಿದ ಮೇಲೆ ಇವೆಲ್ಲ ಅಳಿಸಲ್ಪಟ್ಟರೂ, ಮೊದಲೇ ಹೇಳಿದಂತೆ, ಅಳಿಸುವುದೆಂದರೆ ಇಲ್ಲವಾಗಿಸುವುದಲ್ಲ. ಗೂಢಲಿಪಿ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಮುಟ್ಟದೆಯೇ ಈ ಎಂಜಲುಗಳಿಂದ ಕಡತವನ್ನು ಮರಳಿ ಪಡೆಯಬಹುದಿತ್ತು. ಇದಕ್ಕೆ ಎರಡು ದಿಕ್ಕಿನಿಂದ ಪರಿಹಾರಗಳು ಬಂದವು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ಪೀಟರ್ ಗುಟ್‌ಮನ್ 1996ರಲ್ಲಿ ಮಂಡಿಸಿದ ಪ್ರಬಂಧ, ಕಾಂತೀಯ ಡಿಸ್ಕಿನ ಮೇಲೆ ಒರೆಸಿದ ದತ್ತದ ಸುಳಿವೂ ಉಳಿಯದಂತೆ ಮಾಡಲು 35 ಸಲ ಬೇರೆ ಬೇರೆ ವಿನ್ಯಾಸಗಳನ್ನು ಬರೆಯುವ ಕ್ರಮವನ್ನು ವಿವರಿಸಿತು. ಫಿನ್ಲೆಂಡಿನ ಸಾಮಿ ಟೊಲ್ವನೆನ್ ಬರೆದ ಇರೇಸರ್ ಮೊದಲಾದ ಉಚಿತ ಪ್ರೋಗ್ರಾಂಗಳು ಆ ಕ್ರಮವನ್ನು ಒಂದು ಗುಂಡಿಯ ಒತ್ತಿಗೆ ಇಳಿಸಿದವು. ಆ 35 ವಿನ್ಯಾಸಗಳಲ್ಲಿ 27 ಹಳೆಯ ಕಾಲದ ನಿರ್ದಿಷ್ಟ ಬಗೆಯ ಡಿಸ್ಕುಗಳಿಗಾಗಿ ಮಾಡಿದವು, ಎಲ್ಲವನ್ನೂ ಒಂದೇ ಡಿಸ್ಕಿನ ಮೇಲೆ ನಡೆಸುವುದರಲ್ಲಿ ಅರ್ಥವಿಲ್ಲ ಎಂದು ಗುಟ್‌ಮನ್ ಅವರೇ ಬಳಿಕ ಬೇಸರದಿಂದ ಬರೆದರೂ, ಜನ 35ನ್ನು ಮಂತ್ರದ ಆವೃತ್ತಿಯಂತೆ ಎಣಿಸುವುದನ್ನು ಬಿಡಲಿಲ್ಲ.

ಎರಡನೆಯ ಪರಿಹಾರ ಇಡೀ ಡಿಸ್ಕನ್ನೋ ಅದರ ಒಂದು ಭಾಗವನ್ನೋ ಗೂಢಲಿಪಿಯಲ್ಲಿಯೇ ಇಟ್ಟು, ಓದುವ ಬರೆಯುವ ಕ್ಷಣದಲ್ಲಿ ಮಾತ್ರ ಸ್ಮರಣೆಯಲ್ಲಿ ಬಿಡಿಸುವುದು. ಡಾಸ್ ಕಾಲದಲ್ಲಿ ಸೆಕ್ಯೂರ್‌ಡ್ರೈವ್ ಮತ್ತು ಗುಟ್‌ಮನ್ ಅವರದೇ ಎಸ್‌ಎಫ್‌ಎಸ್ ಎಂಬ ಪ್ರೋಗ್ರಾಂಗಳು ಈ ಕೆಲಸ ಮಾಡುತ್ತಿದ್ದವು. ವಿಂಡೋಸ್ ಬಂದ ಮೇಲೆ ಇಂಗ್ಲೆಂಡಿನಲ್ಲಿ ಬರೆಯಲ್ಪಟ್ಟ ಸ್ಕ್ರ್ಯಾಮ್‌ಡಿಸ್ಕ್, 1998ರ ಕೊನೆಯಲ್ಲಿ ಪಾಲ್ ಲೆ ರೂ ಹೊರತಂದ ಇ4ಎಂ ಅದೇ ಹಾದಿ ಹಿಡಿದವು. ಇ4ಎಂನ ಮೂಲ ಬರಹವನ್ನು ಆಧರಿಸಿ, ಹೆಸರು ಹೇಳಿಕೊಳ್ಳದ ಕೆಲವರು 2004ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಟ್ರೂಕ್ರಿಪ್ಟ್ ಈ ಬಗೆಯ ತಂತ್ರಾಂಶಗಳ ಶಿಖರವಾಯಿತು. ಅದು ಡಿಸ್ಕಿನಲ್ಲಿ ಒಂದು ದೊಡ್ಡ ಕಡತವನ್ನು ಸೃಷ್ಟಿಸಿ, ಪಾಸ್‌ವರ್ಡ್ ಕೊಟ್ಟಾಗ ಅದನ್ನೇ ಬೇರೆ ಡ್ರೈವ್ ಆಗಿ ತೋರಿಸುತ್ತಿತ್ತು. ಆ ಕಡತದ ಮೇಲೆ ಇದು ಇಂಥ ತಂತ್ರಾಂಶದ್ದು ಎಂಬ ಯಾವ ಗುರುತೂ ಇರುತ್ತಿರಲಿಲ್ಲ; ಕೊಟ್ಟ ಪಾಸ್‌ವರ್ಡಿನಿಂದ ತಲೆಭಾಗವನ್ನು ಬಿಡಿಸಿ, ಅಲ್ಲಿ ಇಂಗ್ಲಿಷಿನ ‘ಟ್ರೂ’ ಎಂಬ ನಾಲ್ಕು ಅಕ್ಷರಗಳು ಸಿಕ್ಕವೇ ಎಂದು ನೋಡಿಯೇ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಅದು ತೀರ್ಮಾನಿಸುತ್ತಿತ್ತು. ಒಂದರೊಳಗೆ ಇನ್ನೊಂದು ಗುಪ್ತ ಸಂಪುಟವನ್ನು ಇಟ್ಟುಕೊಂಡು, ಬಲವಂತಕ್ಕೆ ಸಿಕ್ಕಿದಾಗ ಹೊರಗಿನದರ ಪಾಸ್‌ವರ್ಡನ್ನಷ್ಟೇ ಕೊಟ್ಟು ಪಾರಾಗುವ ಏರ್ಪಾಡೂ ಅದರಲ್ಲಿತ್ತು. ಬ್ರೆಜಿಲ್‌ನ ಪೊಲೀಸರು 2008ರಲ್ಲಿ ಸತ್ಯಾಗ್ರಹ ಎಂದು ಹೆಸರಿಟ್ಟ ಕಾರ್ಯಾಚರಣೆಯೊಂದರಲ್ಲಿ ಬ್ಯಾಂಕರೊಬ್ಬರಿಂದ ವಶಪಡಿಸಿಕೊಂಡ ಡಿಸ್ಕುಗಳನ್ನು ಅಮೆರಿಕದ ಎಫ್‌ಬಿಐ ಒಂದು ವರ್ಷ ಯತ್ನಿಸಿಯೂ ತೆರೆಯಲಾರದೆ 2010ರಲ್ಲಿ ಹಿಂದಿರುಗಿಸಿತು. ಇ4ಎಂ ಬರೆದ ಲೆ ರೂ ಮಾತ್ರ ಮಾದಕ ವಸ್ತು, ಶಸ್ತ್ರಾಸ್ತ್ರಗಳ ಅಂತರರಾಷ್ಟ್ರೀಯ ಜಾಲ ಕಟ್ಟಿ, 2012ರಲ್ಲಿ ಲೈಬೀರಿಯಾದಲ್ಲಿ ಸೆರೆಸಿಕ್ಕು, 2020ರಲ್ಲಿ 25 ವರ್ಷಗಳ ಶಿಕ್ಷೆಗೆ ಗುರಿಯಾದ. ಟ್ರೂಕ್ರಿಪ್ಟ್‌ನ ಬರವಣಿಗೆಯಲ್ಲಿ ಅವನ ಕೈವಾಡ ಸಾಬೀತಾಗಿಲ್ಲ.

ಇಷ್ಟು ಗಟ್ಟಿಮುಟ್ಟಾದ ಉಪಕರಣಗಳು ಉಚಿತವಾಗಿ ಸಿಗುತ್ತಿದ್ದ ಅದೇ ಕಾಲದಲ್ಲಿ ವಿಷುಯಲ್ ಬೇಸಿಕ್ ಕಲಿತ ಹೊಸ ಪೀಳಿಗೆ ಹಳೆಯ ತಪ್ಪುಗಳನ್ನು ಮೊದಲಿನಿಂದ ಮಾಡತೊಡಗಿತ್ತು. 1991ರಲ್ಲಿ ಬಂದ ಈ ಭಾಷೆಯಲ್ಲಿ ಗುಂಡಿಗಳನ್ನೂ ಪಟ್ಟಿಗಳನ್ನೂ ಇಲಿಯಿಂದ ಎಳೆದು ಕಿಟಕಿಯ ಮೇಲೆ ಕೂರಿಸಬಹುದಾದ್ದರಿಂದ, ಬೀಗದ ಚಿತ್ರ ಹೊತ್ತ ಅಂದವಾದ ಪ್ರೋಗ್ರಾಂ ಒಂದು ಸಂಜೆಯಲ್ಲಿ ಸಿದ್ಧವಾಗುತ್ತಿತ್ತು. ಮರುಕಳಿಸುವ ಕೀಲಿ ಕೆಟ್ಟದ್ದೆಂದು ಕೇಳಿ ತಿಳಿದಿದ್ದವರು, ಪಾಸ್‌ವರ್ಡಿನಿಂದ ಭಾಷೆಯ ಯಾದೃಚ್ಛಿಕ ಸಂಖ್ಯಾಜನಕವನ್ನು ಚಾಲೂ ಮಾಡಿ, ಅದು ಉದುರಿಸುವ ಸಂಖ್ಯೆಗಳಿಂದ ಎಕ್ಸಾರ್ ಮಾಡಿದರೆ ಸಾಕೆಂದು ಭಾವಿಸಿದರು. ಆದರೆ ಆಟ, ಅಣಕುಗಳಿಗಾಗಿ ಮಾಡಿದ ಆ ಸಂಖ್ಯಾಜನಕದ ಒಳಸ್ಥಿತಿ 24 ಬಿಟ್ಟುಗಳದ್ದು ಮಾತ್ರ; ಎಂದರೆ ಪಾಸ್‌ವರ್ಡ್ ಎಷ್ಟೇ ಉದ್ದವಿರಲಿ, ಒಟ್ಟು ಸಾಧ್ಯವಿದ್ದ ಕೀಲಿಸಾಲುಗಳು ಸುಮಾರು 1 ಕೋಟಿ 67 ಲಕ್ಷ, ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸಲು ಸಾಧಾರಣ ಕಂಪ್ಯೂಟರಿಗೂ ಹೆಚ್ಚು ಹೊತ್ತು ಬೇಕಿರಲಿಲ್ಲ.

ಭಾರತದಲ್ಲಿ ಈ ಹವ್ಯಾಸ ಮೈಗೂಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರಗಳು, ಎಂಜಿನಿಯರಿಂಗ್ ಕಾಲೇಜುಗಳು, ಪತ್ರಿಕೆಗಳ ಜೊತೆಗೆ ಬರುತ್ತಿದ್ದ ಶೇರ್‌ವೇರ್ ಸಿ.ಡಿ.ಗಳು, ಸೈಬರ್ ಕೆಫೆಗಳು ಒಟ್ಟಾಗಿ ಹದಮಾಡಿದ ನೆಲದಲ್ಲಿ. ಮನೆಗೊಂದೇ ಕಂಪ್ಯೂಟರು, ಅದಕ್ಕೆ ಅಣ್ಣತಮ್ಮಂದಿರೂ ಅಪ್ಪನ ಕಚೇರಿ ಲೆಕ್ಕವೂ ಪಾಲುದಾರರು ಎನ್ನುವ ಸ್ಥಿತಿಯಲ್ಲಿ, ವಿಂಡೋಸ್ 98ರ ಪಾಸ್‌ವರ್ಡ್ ಕಿಟಕಿಯನ್ನು ಎಸ್ಕೇಪ್ ಗುಂಡಿ ಒತ್ತಿ ದಾಟಬಹುದೆಂಬುದು ಹುಡುಗರಿಗೆಲ್ಲ ಗೊತ್ತಿತ್ತು. ಮುಂದೆ ಕೈಯಿಂದ ಕೈಗೆ ಹಬ್ಬಿದ್ದು ಫೋಲ್ಡರ್ ಲಾಕರ್ ಎಂಬ, ಇಪ್ಪತ್ತು-ಮೂವತ್ತು ಸಾಲಿನ ಬ್ಯಾಚ್ ಕಡತ, ಅಂದರೆ ಡಾಸ್ ಆದೇಶಗಳನ್ನೇ ಸಾಲಾಗಿ ಬರೆದಿಟ್ಟ ಪಠ್ಯ. ಅದು ಫೋಲ್ಡರಿನ ಹೆಸರಿನ ಬಾಲಕ್ಕೆ ಕಂಟ್ರೋಲ್ ಪ್ಯಾನೆಲ್‌ಅನ್ನು ಸೂಚಿಸುವ ಉದ್ದನೆಯ ಗುರುತುಸಂಖ್ಯೆಯನ್ನು ಅಂಟಿಸಿ, ಮರೆಯ ಬಿಟ್ಟನ್ನು ಎತ್ತಿಡುತ್ತಿತ್ತು. ಹುಡುಕಿ ತೆರೆದವರಿಗೆ ಫೋಲ್ಡರಿನ ಬದಲು ಕಂಟ್ರೋಲ್ ಪ್ಯಾನೆಲ್ ಕಾಣಿಸುತ್ತಿತ್ತು. ಕಡತಗಳ ಒಂದು ಬೈಟೂ ಬದಲಾಗುತ್ತಿರಲಿಲ್ಲ. ಪಾಸ್‌ವರ್ಡಾದರೂ ಎಲ್ಲಿತ್ತೆಂದರೆ ಅದೇ ಬ್ಯಾಚ್ ಕಡತದ ಮಧ್ಯದ ಸಾಲೊಂದರಲ್ಲಿ, ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಬಹುದಾದಂತೆ. ತಾಂತ್ರಿಕವಾಗಿ ಇದು ಡಾಸ್ ಕಾಲದ ಆಲ್ಟ್-255ರ ಮಟ್ಟಕ್ಕೆ ಮರಳಿದ ಉಪಾಯವಾದರೂ, ತಮ್ಮನ ಕಣ್ಣಿನಿಂದ ತಪ್ಪಿಸಿಕೊಳ್ಳುವುದಷ್ಟೇ ಗುರಿಯಾಗಿದ್ದ ಅಣ್ಣನಿಗೆ ಅದು ಸಾಕಾಗಿತ್ತು. ಶತ್ರು ಯಾರೆಂಬುದನ್ನು ಬಿಟ್ಟು ಬೀಗದ ಬಲಾಬಲವನ್ನು ಅಳೆಯುವುದು ಪಂಡಿತರ ದೋಷ.

ಕಾನೂನಿನ ಕಡೆಯಿಂದ ಭಾರತದ ಹವ್ಯಾಸಿಯನ್ನು ಯಾರೂ ಬಹುಕಾಲ ಮಾತನಾಡಿಸಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೆಯ ಕಲಮು ಅಧಿಕಾರಸ್ಥರು ಕೇಳಿದಾಗ ದತ್ತವನ್ನು ಬಿಡಿಸಿಕೊಡದವರಿಗೆ ಏಳು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದಾದರೂ, 2015ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಗೂಢಲಿಪೀಕರಣ ನೀತಿಯ ಕರಡು, ಗೂಢಲಿಪಿಯಲ್ಲಿ ಕಳಿಸಿದ್ದರ ಬಿಡಿಸಿದ ಪ್ರತಿಯನ್ನು ಸಾಮಾನ್ಯ ನಾಗರಿಕರೂ 90 ದಿನ ಇಟ್ಟುಕೊಳ್ಳಬೇಕೆಂದಾಗ ಎದ್ದ ವಿರೋಧಕ್ಕೆ ಮಣಿದು ಸರ್ಕಾರ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಗೂಢಲಿಪಿಯ ಆಯ್ಕೆಯ ಪ್ರಶ್ನೆ ಅಷ್ಟರಲ್ಲಿ ಇತ್ಯರ್ಥವಾಗಿತ್ತು. 1977ರಿಂದ ಅಮೆರಿಕದ ಅಧಿಕೃತ ಮಾನದಂಡವಾಗಿದ್ದ ಡಿಇಎಸ್ ಗೂಢಲಿಪಿಯ 56 ಬಿಟ್ಟುಗಳ ಕೀಲಿಯನ್ನು 1998ರಲ್ಲಿ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗೂ ಕಡಿಮೆ ವೆಚ್ಚದ ಯಂತ್ರ ಕಟ್ಟಿ 56 ಗಂಟೆಗಳಲ್ಲಿ ಪತ್ತೆಹಚ್ಚಿತು; ಅದರ ಜಾಗಕ್ಕೆ ಜಗತ್ತಿನೆಲ್ಲೆಡೆಯಿಂದ ಬಂದ 15 ಪ್ರಸ್ತಾವಗಳನ್ನು ಬಹಿರಂಗವಾಗಿ ಒರೆಗೆ ಹಚ್ಚಿ, ಬೆಲ್ಜಿಯಂನ ಯೋವಾನ್ ಡಾಮನ್ ಮತ್ತು ವಿನ್ಸೆಂಟ್ ರೈಮೆನ್ ರಚಿಸಿದ ರೈನ್‌ಡಾಲ್ ಗೂಢಲಿಪಿಯನ್ನು 2000ದಲ್ಲಿ ಆರಿಸಿ, ಮರುವರ್ಷ ಎಇಎಸ್ ಎಂಬ ಹೆಸರಿನಲ್ಲಿ ಮಾನದಂಡವಾಗಿಸಲಾಯಿತು. ಸ್ವೀಡನ್ನಿನ ಸ್ವಾಂಟೆ ಸೆಲೆಬೊರ್ಗ್ ಅವರ ಆಕ್ಸ್‌ಕ್ರಿಪ್ಟ್, ರಷ್ಯಾದ ಇಗೊರ್ ಪಾವ್ಲೊವ್ ಅವರ 7-ಜಿಪ್ ಮೊದಲಾದ ಒಂಟಿ ಕೈಯ ಉಪಕರಣಗಳು ಅದನ್ನು ಅಳವಡಿಸಿಕೊಂಡವು. ಮೈಕ್ರೊಸಾಫ್ಟ್‌ನ ಡಾಟ್‌ನೆಟ್ ಚೌಕಟ್ಟಿನಲ್ಲಿ ಅದು ಸಿದ್ಧವಸ್ತುವಾಗಿ ಸಿಕ್ಕಿ, ಎಇಎಸ್ ಬಳಸಿ ಕಡತ ಮುಚ್ಚುವ ಪ್ರೋಗ್ರಾಂ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟುಗಳ ಸವಕಲು ವಿಷಯವಾಯಿತು. ಆದರೂ ತಪ್ಪುವುದಕ್ಕೆ ಎಡೆ ಉಳಿದೇ ಇತ್ತು. ಎಇಎಸ್ ಒಮ್ಮೆಗೆ 16 ಬೈಟುಗಳ ತುಂಡನ್ನು ಮಾತ್ರ ಮಾರ್ಪಡಿಸುತ್ತದೆ. ತುಂಡುಗಳನ್ನು ಒಂದಕ್ಕೊಂದು ಹೆಣೆಯದೆ ಪ್ರತ್ಯೇಕವಾಗಿ ಮಾರ್ಪಡಿಸಿದರೆ ಸಮಾನ ತುಂಡುಗಳು ಸಮಾನವಾಗಿಯೇ ಹೊರಬಂದು, ಗೂಢಲಿಪಿಗಿಳಿಸಿದ ಚಿತ್ರವೊಂದರ ಹೊರರೇಖೆ ಹಾಗೆಯೇ ಕಾಣುತ್ತದೆ. ಪಾಸ್‌ವರ್ಡನ್ನು ನೇರವಾಗಿ ಕೀಲಿಯಾಗಿ ಬಳಸಿದರೆ ಊಹಿಸುವವನಿಗೆ ಸೆಕೆಂಡಿಗೆ ಕೋಟ್ಯಂತರ ಯತ್ನಗಳು ಸಾಧ್ಯ. ಇದನ್ನು ತಡೆಯಲು, ಉಪ್ಪು ಎಂದೇ ಕರೆಯಲಾಗುವ ಯಾದೃಚ್ಛಿಕ ಬೈಟುಗಳನ್ನು ಪಾಸ್‌ವರ್ಡಿಗೆ ಬೆರೆಸಿ, ಬೇಕೆಂದೇ ಸಾವಿರಾರು ಸುತ್ತು ಲೆಕ್ಕ ನಡೆಸಿ ಕೀಲಿ ತೆಗೆಯುವ ರೂಢಿ ಬಂತು. ಟ್ರೂಕ್ರಿಪ್ಟ್ 1000 ಅಥವಾ 2000 ಸುತ್ತು ನಡೆಸಿದರೆ, ಅದರ ಸಂತತಿಯಾದ, ಫ್ರಾನ್ಸಿನ ಮುನೀರ್ ಇದ್ರಾಸಿ 2013ರಲ್ಲಿ ಆರಂಭಿಸಿದ ವೆರಾಕ್ರಿಪ್ಟ್ ಸುತ್ತುಗಳ ಸಂಖ್ಯೆಯನ್ನು ಲಕ್ಷಗಳಿಗೆ ಏರಿಸಿತು.

ಗಣಿತದ ತೊಡಕು ಕಳೆದ ಮೇಲೆ ಉಳಿದದ್ದು ಬರೆದವರನ್ನು ನಂಬುವ ತೊಡಕು. 2014ರ ಮೇ 28ರಂದು ಟ್ರೂಕ್ರಿಪ್ಟ್‌ನ ಅನಾಮಧೇಯ ಕರ್ತೃಗಳು, ತಮ್ಮ ತಂತ್ರಾಂಶ ಇನ್ನು ಸುರಕ್ಷಿತವಲ್ಲವೆಂದೂ ಮೈಕ್ರೊಸಾಫ್ಟ್‌ನ ಬಿಟ್‌ಲಾಕರ್ ಬಳಸಬೇಕೆಂದೂ ಸಾರಿ ಏಕಾಏಕಿ ಕೆಲಸ ನಿಲ್ಲಿಸಿದರು. ಅದಕ್ಕೆ ಮೊದಲೇ ಮ್ಯಾಥ್ಯೂ ಗ್ರೀನ್ ಮತ್ತು ಕೆನೆತ್ ವೈಟ್ ಸಾರ್ವಜನಿಕರ ವಂತಿಗೆಯಿಂದ ಆರಂಭಿಸಿದ್ದ ತಪಾಸಣೆ ಮುಂದುವರಿದು, 2015ರ ಏಪ್ರಿಲ್‌ನಲ್ಲಿ ಕೆಲವು ಲೋಪಗಳನ್ನು ಪಟ್ಟಿಮಾಡಿತೇ ಹೊರತು, ಬೇಕೆಂದೇ ಬಿಟ್ಟ ಕಳ್ಳಬಾಗಿಲಿನ ಯಾವ ಕುರುಹನ್ನೂ ಕಾಣಲಿಲ್ಲ. ಲಕ್ಷಾಂತರ ಜನ ನೆಚ್ಚಿಕೊಂಡಿದ್ದ ತಂತ್ರಾಂಶವನ್ನು ಕೂಲಂಕಷವಾಗಿ ಓದುವ ಕೆಲಸ ಅದರ ಆಯುಸ್ಸು ಮುಗಿಯುವ ಹೊತ್ತಿಗೆ ನಡೆದದ್ದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನೆನಪಿಸಿದರೆ ತಪ್ಪಲ್ಲ. ಪಿಜಿಪಿಯ ಮುಕ್ತ ರೂಪವಾದ ಗ್ನೂಪಿಜಿಯನ್ನು 1997ರಿಂದ ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡು ಬಂದ ಜರ್ಮನಿಯ ವೆರ್ನರ್ ಕೋಹ್ ಹಣದ ಮುಗ್ಗಟ್ಟಿನಲ್ಲಿದ್ದಾರೆಂಬ ಸಂಗತಿ 2015ರ ಫೆಬ್ರವರಿಯಲ್ಲಿ ಪತ್ರಿಕಾ ವರದಿಯೊಂದರಿಂದ ಹೊರಬಿದ್ದ ಮೇಲಷ್ಟೇ ದೊಡ್ಡ ಕಂಪನಿಗಳ ನೆರವು ಹರಿದುಬಂತು.

ಕಡತ ಮುಚ್ಚುವ ವಿದ್ಯೆಗೆ ಇನ್ನೊಂದು ಮುಖವೂ ಮೊದಲಿನಿಂದ ಇತ್ತು. 1989ರ ಡಿಸೆಂಬರಿನಲ್ಲಿ ಏಡ್ಸ್ ಕುರಿತ ಮಾಹಿತಿಯ ಹೆಸರಿನಲ್ಲಿ ಅಂಚೆಯ ಮೂಲಕ ಹಂಚಲ್ಪಟ್ಟ ಸುಮಾರು 20,000 ಫ್ಲಾಪಿಗಳು, ಕಂಪ್ಯೂಟರನ್ನು ತೊಂಬತ್ತು ಸಲದಷ್ಟು ಚಾಲೂ ಮಾಡಿದ ಮೇಲೆ ಕಡತಗಳ ಹೆಸರುಗಳನ್ನು ಗೂಢಲಿಪಿಗಿಳಿಸಿ, ಪನಾಮದ ಅಂಚೆ ಪೆಟ್ಟಿಗೆಯೊಂದಕ್ಕೆ 189 ಡಾಲರ್ ಕಳಿಸುವಂತೆ ಕೇಳಿದವು. ಅಕ್ಷರಕ್ಕೆ ಬದಲಾಗಿ ಅಕ್ಷರ ಇಡುವಷ್ಟು ಸರಳವಾಗಿದ್ದ ಆ ಗೂಢಲಿಪಿಯನ್ನು ಇಂಗ್ಲೆಂಡಿನ ಜಿಮ್ ಬೇಟ್ಸ್ ಬಿಡಿಸಿ, ಹಾನಿಯನ್ನು ಸರಿಪಡಿಸುವ ಎರಡು ಪ್ರೋಗ್ರಾಂಗಳನ್ನು ಬರೆದು ಪುಕ್ಕಟೆ ಹಂಚಿದ. ಕಾಲು ಶತಮಾನದ ನಂತರ, 2015ರ ಆಗಸ್ಟಿನಲ್ಲಿ, ಟರ್ಕಿಯ ಭದ್ರತಾ ಸಂಶೋಧಕನೊಬ್ಬ ಒತ್ತೆಹಣದ ತಂತ್ರಾಂಶಗಳು ಹೇಗೆ ಕೆಲಸ ಮಾಡುತ್ತವೆಂದು ಕಲಿಸುವ ಉದ್ದೇಶದಿಂದ ಹಿಡನ್ ಟಿಯರ್ ಎಂಬ ಪುಟ್ಟ ಪ್ರೋಗ್ರಾಂಅನ್ನು ಸಿ ಶಾರ್ಪ್ ಭಾಷೆಯಲ್ಲಿ ಬರೆದು ಅದರ ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟ. ಅದರ ಗೂಢಲಿಪಿ ನಿರ್ದೋಷಿಯಾದ ಎಇಎಸ್. ಕೀಲಿಯನ್ನು ಮಾತ್ರ, ಕಂಪ್ಯೂಟರ್ ಚಾಲೂ ಆಗಿ ಎಷ್ಟು ಮಿಲಿಸೆಕೆಂಡುಗಳಾದವು ಎಂಬ ಎಣಿಕೆಯಿಂದ ಆರಂಭವಾಗುವ ಸಾಧಾರಣ ಸಂಖ್ಯಾಜನಕದಿಂದ ಅದು ಪಡೆಯುತ್ತಿತ್ತು. ಅಪರಾಧಿಗಳು ಅದನ್ನು ಎತ್ತಿಕೊಂಡು ಹೆಸರು ಬದಲಿಸಿ ಜನರ ಕಡತಗಳ ಮೇಲೆ ಪ್ರಯೋಗಿಸಿದಾಗ, ತಾನು ತಿಳಿದೇ ಬಿಟ್ಟ ದೋಷವದು ಎಂದು ಆ ಸಂಶೋಧಕ ಹೇಳಿದ. ವಿಷುಯಲ್ ಬೇಸಿಕ್ ಹುಡುಗರ ಬೀಗಗಳನ್ನು ತೆರೆಯುತ್ತಿದ್ದ ಅದೇ ಉಪಾಯದಿಂದ, ಎಣಿಕೆಯ ಸಾಧ್ಯ ಬೆಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒತ್ತೆ ಬಿದ್ದ ಕಡತಗಳನ್ನು ಬಿಡಿಸುವ ಉಚಿತ ಉಪಕರಣಗಳನ್ನು ಇತರರು ಬರೆದರು.